ಅಣ್ಣನಿಗೆ ಹಾರ್ಟ್ ಟ್ರಾನ್ಸ್‌ಪ್ಲಾಂಟ್ ಹೇಳಿದ್ದಾರೆ, ಎಷ್ಟು ಸೇಫ್?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ಶರಣು. ನಮ್ಮದು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಅಣ್ಣನಿಗೆ 38 ವರ್ಷ. ಒಂದೂವರೆ ವರ್ಷದಿಂದ ದಮ್ಮು, ಕಾಲು ಬಾವು. ಎಕೋ ಮಾಡಿಸಿದಾಗ ಹಾರ್ಟ್ ಪಂಪಿಂಗ್ 18 ಪರ್ಸೆಂಟ್ ಅಂದರು. ಮಾತ್ರೆ ತಪ್ಪದೆ ತಗೊಂಡರೂ ಮೂರು ಸಲ ಅಡ್ಮಿಟ್ ಆಗಿದ್ದಾನೆ. ಈಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಹಾರ್ಟ್ ಟ್ರಾನ್ಸ್‌ಪ್ಲಾಂಟ್ ಮಾಡಬೇಕು, ಲಂಗ್ಸ್ ಪ್ರೆಶರ್ ಇಳಿಯದಿದ್ದರೆ ಲಂಗ್ಸ್ ಕೂಡ ಬದಲಿಸಬೇಕಾಗಬಹುದು ಅಂದಿದ್ದಾರೆ. ಶಹಾಬಾದಿನಲ್ಲಿ ಪರಸಿ ಪಾಲಿಶ್ ಮಾಡುತ್ತಿದ್ದ ನಮ್ಮ ಸೋದರಮಾವನಿಗೂ ಹಿಂದೆ ಲಂಗ್ಸ್ ಬದಲಿಸಿ ಅಂದಿದ್ದರು. ಹೆದರಿ ಹೋಗಲೇ ಇಲ್ಲ, ತೀರಿಕೊಂಡರು. ಊರಿನ ಮಂದಿ “ಟೇಬಲ್ ಮ್ಯಾಲೇ ಹೋಗ್ತಾರ, ಉಳಿದ್ರೂ ವರ್ಷ ದಾಟಂಗಿಲ್ಲ” ಅಂತಾರೆ. ಅವ್ವ ಮಾತ್ರ ಒಂದೇ ಕೇಳ್ತಾಳೆ: “ಬ್ಯಾರೆಯವರ ಗುಂಡಿಗಿ ಹಾಕಿದ್ರ ಮಗ ನನ್ನ ಗುರುತು ಹಿಡೀತಾನೇನು?” ಇದರಲ್ಲಿ ಎಲ್ಲಿ ತಪ್ಪಾಗುತ್ತದೆ, ನಾವು ಏನು ನೋಡಿಕೊಳ್ಳಬೇಕು, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಅವ್ವನಿಗೆ ಉತ್ತರ ಹೇಳಿಬಿಡುತ್ತೇನೆ. ಗುರುತು, ನೆನಪು, ಪ್ರೀತಿ ಎಲ್ಲ ಇರುವುದು ಮೆದುಳಿನಲ್ಲಿ. ಗುಂಡಿಗೆ ರಕ್ತ ತಳ್ಳುವ ಸ್ನಾಯು. ಅದು ಬೇರೆಯಾದರೂ ಮಗ ಅದೇ ಮಗ. ಕಣ್ಣು ಬಿಟ್ಟ ಮೇಲೆ, ಬಾಯಿಗೆ ಹಾಕಿದ ನಳಿಕೆ ತೆಗೆದ ಕೂಡಲೇ “ಅವ್ವ ಎಲ್ಲಿ” ಅಂತ ಕೇಳಿದವರನ್ನು ನಾನೇ ನೋಡಿದ್ದೇನೆ. ಇದನ್ನು ಅವರಿಗೆ ಧೈರ್ಯವಾಗಿ ಹೇಳಿ.

ಇನ್ನು ನಿಮ್ಮ ಭಯ. ಅದೆಲ್ಲ ಆಪರೇಷನ್ ಥಿಯೇಟರ್ ಒಳಗೇ ಇದೆ ಅನ್ನಿಸಿತು. ನಾನು ಹಲವು ವರ್ಷ ಬೇರೆ ಊರಿನಲ್ಲಿ ಕಸಿ ತಂಡದ ಜೊತೆ ಕೆಲಸ ಮಾಡಿದವನು. ಈಗ ಕಲಬುರಗಿಯಲ್ಲಿ ಕಸಿ ಮಾಡಿಸಿಕೊಂಡು ಬಂದವರನ್ನು ನೋಡಿಕೊಳ್ಳುತ್ತೇನೆ. ಟೇಬಲ್ ಮೇಲಿನ ಅಪಾಯ ಸುಳ್ಳಲ್ಲ. ಆದರೆ ನನಗೆ ಜಾಸ್ತಿ ಚಿಂತೆ ಆಗುವುದು ಎದೆ ತೆರೆಯುವ ಮುಂಚಿನ ಕೆಲವು ಗಂಟೆಗಳದ್ದು ಮತ್ತು ಹೊಲಿಗೆ ಬಿಚ್ಚಿದ ನಂತರದ ಒಂದು ವರ್ಷದ್ದು. ಆ ವರ್ಷದ ಬಹಳಷ್ಟು ದಿನಗಳು ಕಳೆಯುವುದು ನಿಮ್ಮ ಮನೆಯಲ್ಲೇ.

ಊರಿನ ಮಂದಿ ಹೇಳುವುದು ಒಂದು ಕಾಲಕ್ಕೆ ನಿಜವೇ ಆಗಿತ್ತು. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಸಲ ಮನುಷ್ಯನ ಹೃದಯವನ್ನು ಇನ್ನೊಬ್ಬ ಮನುಷ್ಯನಿಗೆ ಜೋಡಿಸಿದರು. ಆ ರೋಗಿ 18 ದಿನ ಬದುಕಿದ್ದರು. ಅವರು ಹೋದದ್ದು ಹೃದಯ ಕೈಕೊಟ್ಟು ಅಲ್ಲ, ನ್ಯುಮೋನಿಯಾದಿಂದ. ಹೊಸ ಹೃದಯವನ್ನು ದೇಹ ತಿರಸ್ಕರಿಸದಿರಲಿ ಎಂದು ಕೊಟ್ಟ ಔಷಧಿ ಸೋಂಕನ್ನು ತಡೆಯುವ ಶಕ್ತಿಯನ್ನೂ ಕುಗ್ಗಿಸಿತ್ತು. ಮುಂದಿನ ಒಂದು ವರ್ಷದಲ್ಲಿ ಜಗತ್ತಿನ ಬೇರೆ ಬೇರೆ ಕಡೆ ಸುಮಾರು 100 ಹೃದಯ ಕಸಿ ಆದವು, ಮುಕ್ಕಾಲು ಮಂದಿ ಹೆಚ್ಚು ಕಾಲ ಬದುಕಲಿಲ್ಲ. ಹೆಚ್ಚಿನ ಆಸ್ಪತ್ರೆಗಳು ಅದನ್ನು ಕೈಬಿಟ್ಟವು. 1980ರ ದಶಕದಲ್ಲಿ ಈ ತಿರಸ್ಕಾರವನ್ನು ತಡೆಯುವ ಸೈಕ್ಲೋಸ್ಪೋರಿನ್ ಎಂಬ ಔಷಧಿ ಬಂದ ಮೇಲೆ ಚಿತ್ರ ಬದಲಾಯಿತು. ನಮ್ಮ ದೇಶದಲ್ಲಿ 1994ರಲ್ಲಿ ಅಂಗಾಂಗ ಕಸಿ ಕಾನೂನು ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ತಂಡ ಯಶಸ್ವಿಯಾಗಿ ಹೃದಯ ಕಸಿ ಮಾಡಿತು.

ಈಗ ಅನುಭವ ಇರುವ ಕೇಂದ್ರಗಳಲ್ಲಿ ಹೃದಯ ಕಸಿ ಆದ 100 ಜನರಲ್ಲಿ 85ರಿಂದ 90 ಮಂದಿ ಮೊದಲ ವರ್ಷ ದಾಟುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನ 12 ವರ್ಷಕ್ಕೂ ಮೀರಿ ಬದುಕುತ್ತಾರೆ. ಶ್ವಾಸಕೋಶದ ಲೆಕ್ಕ ಇಷ್ಟು ಚೆನ್ನಾಗಿಲ್ಲ. ಅಲ್ಲಿ ಅರ್ಧದಷ್ಟು ಜನ ಆರು ವರ್ಷದ ಆಸುಪಾಸು ದಾಟುತ್ತಾರೆ. ಅಂದರೆ ಹೃದಯ ಕಸಿ ಆದ 100ರಲ್ಲಿ ಹತ್ತು–ಹದಿನೈದು ಮನೆಗಳಲ್ಲಿ ಮೊದಲ ವರ್ಷವೇ ದುಃಖ ಆಗುತ್ತದೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಈ ಅಪಾಯವನ್ನು ತೂಗಬೇಕಾದದ್ದು ಗಟ್ಟಿ ಆರೋಗ್ಯದ ಜೊತೆಗಲ್ಲ. ಪಂಪಿಂಗ್ 18 ಇದ್ದು, ಮಾತ್ರೆ ನುಂಗುತ್ತಲೇ ಮೂರು ಸಲ ಅಡ್ಮಿಟ್ ಆದ ಹೃದಯದ ಜೊತೆ. ಆ ದಾರಿ ಕಸಿಗಿಂತ ಜಾಸ್ತಿ ಅಪಾಯದ್ದು.

ಹಾಗಂತ ಕಸಿಗೆ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಹೃದಯ ದುರ್ಬಲ ಆಗಲು ಕಾರಣ ಏನು? ಕವಾಟ ಕೆಟ್ಟಿದ್ದರೆ ಕವಾಟ ರಿಪೇರಿ ಸಾಕಾಗಬಹುದು. ಕುಡಿತದಿಂದ ಆಗಿದ್ದರೆ, ಬಡಿತ ಸದಾ ಓಡುತ್ತಿದ್ದು ಆಗಿದ್ದರೆ, ಕಾರಣ ತೆಗೆದ ಮೇಲೆ ಕೆಲವರ ಪಂಪಿಂಗ್ ತಾನೇ ಮೇಲೆ ಬರುತ್ತದೆ. ಈಗ ಹೃದಯ ದುರ್ಬಲತೆಗೆ ನಾಲ್ಕು ಬಗೆಯ ಮಾತ್ರೆಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಇದೆ. ಅವನ್ನು ಪೂರ್ತಿ ಡೋಸ್‌ನಲ್ಲಿ ಕನಿಷ್ಠ ಮೂರು ತಿಂಗಳು ಕೊಟ್ಟು ನೋಡಿದ್ದಾರಾ ಎಂದು ಕೇಳಿ. ಕೆಲವರಿಗೆ ವಿಶೇಷ ಪೇಸ್‌ಮೇಕರ್‌ನಿಂದಲೂ ಅನುಕೂಲ ಆಗುತ್ತದೆ. ಇದನ್ನೆಲ್ಲ ನೋಡಿಯೇ ಕಸಿ ಅಂದಿದ್ದರೆ, ಆ ಮಾತನ್ನು ನಂಬಿ. ತಡ ಮಾಡಬೇಡಿ. ಕಿಡ್ನಿ, ಲಿವರ್ ಸೊರಗಿದ ಮೇಲೆ ಹೋದವರಿಗೆ ಕಸಿಯ ಅಪಾಯ ಎರಡು ಪಟ್ಟು ಅನ್ನಿಸುವಷ್ಟು ಏರುತ್ತದೆ. ನಿಮ್ಮ ಸೋದರಮಾವನಂಥವರನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗುವ ಸಿಲಿಕೋಸಿಸ್‌ಗೆ ವಾಸಿ ಮಾಡುವ ಮಾತ್ರೆ ಇಲ್ಲ. ನಮ್ಮ ಶಹಾಬಾದ್ ಸೀಮೆಯಲ್ಲಿ ಹೆಚ್ಚಿನವರು ನಮ್ಮ ಹತ್ತಿರ ಬರುವುದು ಆಕ್ಸಿಜನ್ ಇಲ್ಲದೆ ಬಾತ್‌ರೂಮಿಗೂ ಹೋಗಲಾಗದಂತೆ ಆದ ಮೇಲೆ.

ಲಂಗ್ಸ್ ಪ್ರೆಶರ್ ವಿಷಯಕ್ಕೆ ಬರೋಣ. ಇದು ಬಹಳ ಮುಖ್ಯ, ಆದರೆ ಯಾರೂ ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ದುರ್ಬಲ ಹೃದಯದ ಹಿಂದೆ ರಕ್ತ ತುಂಬಿ ನಿಂತು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ನಿಮ್ಮ ಅಣ್ಣನ ಹೃದಯದ ಬಲಭಾಗ ವರ್ಷಗಟ್ಟಲೆ ಆ ಒತ್ತಡಕ್ಕೆ ಒಗ್ಗಿಕೊಂಡಿರುತ್ತದೆ. ದಾನಿಯ ಹೃದಯಕ್ಕೆ ಆ ರೂಢಿ ಇರುವುದಿಲ್ಲ. 50 ಅಡಿಯಿಂದ ನೀರು ಎತ್ತುತ್ತಿದ್ದ ಮೋಟಾರನ್ನು ರಾತ್ರೋರಾತ್ರಿ 300 ಅಡಿಯ ಬೋರಿಗೆ ಇಳಿಸಿದರೆ ಏನಾಗುತ್ತದೆ? ಸುಟ್ಟುಹೋಗುತ್ತದೆ, ಅಲ್ವಾ? ಹಾಗೇ ಇದು. ಕಸಿ ಆದ ಮೊದಲ ಒಂದೆರಡು ದಿನಗಳಲ್ಲಿ ಹೊಸ ಹೃದಯ ಕೈಕೊಡುವುದಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಅದಕ್ಕೇ ಕತ್ತಿನ ರಕ್ತನಾಳದಿಂದ ಸಣ್ಣ ನಳಿಕೆ ಇಳಿಸಿ ಒತ್ತಡ ಅಳೆಯುತ್ತಾರೆ, ಔಷಧಿ ಕೊಟ್ಟು ಇಳಿಯುತ್ತದಾ ನೋಡುತ್ತಾರೆ. ಇಳಿದರೆ ಹೃದಯ ಒಂದೇ ಸಾಕು. ಇಳಿಯದಿದ್ದರೆ ಹೃದಯ–ಶ್ವಾಸಕೋಶ ಎರಡರ ಮಾತು ಬರುತ್ತದೆ. ಎಕೋದಲ್ಲಿ ಬರೆದ ಪ್ರೆಶರ್ ಬರೀ ಅಂದಾಜು. ಈ ಪರೀಕ್ಷೆ ಆಗದೆ ಯಾವ ತೀರ್ಮಾನಕ್ಕೂ ಬರಬೇಡಿ.

ಈಗ ಆ ಕೆಲವು ಗಂಟೆಗಳ ಬಗ್ಗೆ ಹೇಳುತ್ತೇನೆ. ದಾನಿ ಅಂದರೆ ಮೆದುಳು ಸತ್ತು, ಯಂತ್ರದಿಂದ ಉಸಿರಾಡುತ್ತಿರುವ ವ್ಯಕ್ತಿ. “ಬದುಕಿದ್ದವರದ್ದೇ ಕಿತ್ತುಕೊಳ್ತಾರ” ಎಂಬ ಮಾತು ನಮ್ಮ ಕಡೆ ಈಗಲೂ ಇದೆ. ಹಾಗಾಗುವುದಿಲ್ಲ. ಕಾನೂನಿನ ಪ್ರಕಾರ ನಾಲ್ಕು ವೈದ್ಯರು, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಬರೆದುಕೊಡಬೇಕು. ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ. ಅಂಗ ಯಾರಿಗೆ ಎಂಬುದನ್ನು ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಪಟ್ಟಿ ನೋಡಿ ಹಂಚುತ್ತದೆ. ದುಡ್ಡು ಕೊಟ್ಟರೆ ಬೇಗ ಕೊಡಿಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಮಾತೇ ಆಡಬೇಡಿ.

ಹೃದಯ ಸಿಕ್ಕಿತು ಎಂದ ಕೂಡಲೇ ಮೊದಲು ಬರುವುದು ರಕ್ತದ ಗುಂಪು. 2003ರಲ್ಲಿ ಅಮೆರಿಕದಲ್ಲಿ ಓ ಗುಂಪಿನ 17 ವರ್ಷದ ಹುಡುಗಿಗೆ ಎ ಗುಂಪಿನ ದಾನಿಯ ಹೃದಯ, ಶ್ವಾಸಕೋಶ ಹಾಕಿಬಿಟ್ಟರು. ದೊಡ್ಡ ಆಸ್ಪತ್ರೆ, ನುರಿತ ಸರ್ಜನ್. ಗುಂಪು ಹೊಂದುತ್ತದೆ ಎಂದು ಎಲ್ಲರೂ ಅಂದುಕೊಂಡರು, ಯಾರೂ ಕಾಗದ ತೆಗೆದು ತಾಳೆ ನೋಡಲಿಲ್ಲ. ಮತ್ತೊಂದು ಜೊತೆ ಅಂಗ ಹಾಕಿದರೂ ಹುಡುಗಿ ಉಳಿಯಲಿಲ್ಲ. ಆಮೇಲೆ ನಿಯಮಗಳು ಬಿಗಿಯಾದವು. ನಮ್ಮ ತಂಡದಲ್ಲಿ ಹೀಗೆ ಮಾಡುತ್ತಿದ್ದೆವು: ಐಸ್ ಪೆಟ್ಟಿಗೆ ಥಿಯೇಟರ್ ಬಾಗಿಲು ದಾಟಿದ ಕೂಡಲೇ ಎಲ್ಲರೂ ಕೈ ನಿಲ್ಲಿಸಬೇಕು. ಒಬ್ಬ ನರ್ಸ್ ದಾನಿಯ ಕಾಗದ ನೋಡಿ ಗುಂಪನ್ನು ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ರೋಗಿಯ ಕೈಪಟ್ಟಿ ಮತ್ತು ಎರಡು ಬೇರೆ ಬೇರೆ ದಿನ ತೆಗೆದ ರಕ್ತದ ರಿಪೋರ್ಟ್ ನೋಡಿ ಓದುತ್ತಾರೆ. ಸರ್ಜನ್ ಬಾಯಿಬಿಟ್ಟು “ಸರಿ” ಅನ್ನುವ ತನಕ ರೋಗಿಯ ಹಳೇ ಹೃದಯವನ್ನು ಯಾರೂ ಮುಟ್ಟುವಂತಿಲ್ಲ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ಅಷ್ಟು ದೊಡ್ಡ ಕೋಣೆಯಲ್ಲಿ ಮಾನಿಟರಿನ ಸದ್ದು ಬಿಟ್ಟು ಏನೂ ಕೇಳುತ್ತಿರಲಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಈ ಪರಿಶೀಲನೆ ಹೇಗೆ ಮಾಡುತ್ತಾರೆ ಎಂದು ಕೇಳಿ. ಒಳ್ಳೆಯ ತಂಡಕ್ಕೆ ಈ ಪ್ರಶ್ನೆಯಿಂದ ಬೇಸರ ಆಗುವುದಿಲ್ಲ.

ಆಮೇಲಿನದು ಸಮಯ. ದಾನಿಯ ಎದೆಯಲ್ಲಿ ರಕ್ತ ನಿಲ್ಲಿಸಿದ ಹೊತ್ತಿನಿಂದ ನಿಮ್ಮ ಅಣ್ಣನ ಎದೆಯಲ್ಲಿ ಮತ್ತೆ ರಕ್ತ ಹರಿಯುವ ತನಕ ಹೃದಯಕ್ಕೆ ಸುಮಾರು 4 ಗಂಟೆ ಇದೆ. ಶ್ವಾಸಕೋಶಕ್ಕೆ 6ರಿಂದ 8 ಗಂಟೆ. ಪೊಟ್ಯಾಸಿಯಂ ಜಾಸ್ತಿ ಇರುವ ತಣ್ಣನೆಯ ದ್ರಾವಣ ಬಿಟ್ಟು ಹೃದಯ ನಿಲ್ಲಿಸಿ, ಒಂದರೊಳಗೊಂದು ಚೀಲದಲ್ಲಿಟ್ಟು, ಐಸ್ ಮಧ್ಯೆ ತರುತ್ತಾರೆ. ಐಸ್ ನೇರ ತಾಗಿದರೆ ಸ್ನಾಯು ಸುಟ್ಟಂತೆ ಆಗುತ್ತದೆ. ಅದಕ್ಕೇ ಈಗ 4ರಿಂದ 8 ಡಿಗ್ರಿಯಲ್ಲೇ ಹಿಡಿದಿಡುವ ಪೆಟ್ಟಿಗೆಗಳು ಬಂದಿವೆ. ಬೆಚ್ಚಗಿನ ರಕ್ತ ಹರಿಸಿ, ಹೃದಯವನ್ನು ಬಡಿಯುತ್ತಲೇ ತರುವ ಯಂತ್ರಗಳೂ ಇವೆ, ಬಹಳ ದುಬಾರಿ. ಶ್ವಾಸಕೋಶದ್ದು ಇನ್ನೂ ಬೆರಗಿನ ವಿಷಯ. ಅದನ್ನು ಗಾಜಿನಂಥ ಗೂಡಿನಲ್ಲಿಟ್ಟು, ಉಸಿರಾಡಿಸುತ್ತಾ, ದ್ರಾವಣ ಹರಿಸುತ್ತಾ ಕೆಲವು ಗಂಟೆ ಪರೀಕ್ಷೆ ಮಾಡುವ ವಿಧಾನವನ್ನು ಕೆನಡಾದ ಟೊರೊಂಟೊ ವೈದ್ಯರು ರೂಢಿಗೆ ತಂದರು. 2011ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಬೇಡ ಎಂದು ಬಿಡುತ್ತಿದ್ದ ಎಷ್ಟೋ ಶ್ವಾಸಕೋಶಗಳು ಆ ಪರೀಕ್ಷೆಯಲ್ಲಿ ಪಾಸಾಗಿ ಜನರಿಗೆ ಉಸಿರು ಕೊಟ್ಟಿವೆ.

ಇನ್ನೊಂದು ಮಾತು. ಫೋನ್ ಬಂತು, ಓಡಿಹೋದಿರಿ, ಅಣ್ಣನನ್ನು ಥಿಯೇಟರ್ ತನಕ ಒಯ್ದರು, ಆಮೇಲೆ “ಹೃದಯ ಸರಿ ಇಲ್ಲ, ವಾಪಸ್ ಹೋಗಿ” ಅಂದರು ಅಂತಿಟ್ಟುಕೊಳ್ಳಿ. ಹೀಗಾಗುತ್ತದೆ, ಕೆಲವರಿಗೆ ಎರಡೆರಡು ಸಲ. ಸಿಟ್ಟು ಬರುವುದು ಸಹಜ. ಆದರೆ ಅದು ತಂಡ ಎಚ್ಚರವಾಗಿದೆ ಎಂಬುದರ ಗುರುತು. ಹೃದಯವನ್ನು ಕಣ್ಣಾರೆ ನೋಡಿ ಬೇಡ ಅನ್ನುವ ಧೈರ್ಯ ಇರುವ ಸರ್ಜನ್ ಬೇಕು ನಿಮಗೆ.

ಆ 4 ಗಂಟೆಯ ಲೆಕ್ಕ ನಿಮ್ಮ ಊರಿಗೂ ತಾಗುತ್ತದೆ. ಕಲಬುರಗಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ರಾತ್ರಿ. ನಮಗೆ 2019ರಲ್ಲಿ ವಿಮಾನ ನಿಲ್ದಾಣ ಬಂತು ನಿಜ, ಆದರೆ ನಡುರಾತ್ರಿ ಎರಡಕ್ಕೆ ಫೋನ್ ಬಂದರೆ ನಮಗಾಗಿ ವಿಮಾನ ಕಾದು ನಿಂತಿರುವುದಿಲ್ಲ. ಪಟ್ಟಿಗೆ ಹೆಸರು ಹಚ್ಚಿದ ಮೇಲೆ ಆಸ್ಪತ್ರೆಗೆ ಎರಡು ಗಂಟೆಯೊಳಗೆ ತಲುಪುವ ಕಡೆ ಒಂದು ಖೋಲಿ ಬಾಡಿಗೆಗೆ ಹಿಡಿಯಬೇಕಾಗುತ್ತದೆ. ಆಪರೇಷನ್ ಆದ ಮೇಲೂ ಮೂರು ತಿಂಗಳಾದರೂ ಅಲ್ಲೇ ಇರಬೇಕು. ನಮಗೆ ಹೈದರಾಬಾದ್ ಹತ್ತಿರ, ಬೀದರಿನವರಿಗಂತೂ ಮೂರು ತಾಸಿನ ದಾರಿ. 2023ರಲ್ಲಿ ಕೇಂದ್ರ ಸರ್ಕಾರ ಯಾವ ರಾಜ್ಯದವರು ಯಾವ ರಾಜ್ಯದಲ್ಲಾದರೂ ಹೆಸರು ನೋಂದಾಯಿಸಬಹುದು ಅಂದಿದೆ. ಹಾಗಾಗಿ ತೆಲಂಗಾಣವನ್ನೂ ಯೋಚಿಸಬಹುದು. ಆದರೆ ಬಿಪಿಎಲ್ ಕಾರ್ಡ್ ಇದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಕಸಿ ಯೋಜನೆಯ ಸಹಾಯ ಎಲ್ಲಿ ಸಿಗುತ್ತದೆ ಎಂದು ಮೊದಲು ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಕೇಳಿ. ಊರು ಆರಿಸುವುದು ಆಮೇಲೆ.

ಹೃದಯ ಸಿಗುವ ತನಕ ಪಂಪ್ ಅಳವಡಿಸೋಣ ಎಂದು ಕೆಲವರು ಹೇಳಬಹುದು. ಎಡ ಹೃದಯಕ್ಕೆ ಜೋಡಿಸುವ ಸಣ್ಣ ಯಂತ್ರ ಅದು. ಜೀವ ಉಳಿಸುತ್ತದೆ, ಸಂದೇಹ ಇಲ್ಲ. ಆದರೆ ಹೊಟ್ಟೆಯಿಂದ ಹೊರಬರುವ ವೈರಿನ ಜಾಗ ದಿನಾ ಸ್ವಚ್ಛ ಇಡಬೇಕು, ರಕ್ತ ತೆಳು ಮಾಡುವ ಮಾತ್ರೆ ಬೇಕು, ಬೆಲೆ ಕೈಗೆಟುಕುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಬ್ಯಾಟರಿಗೆ ತಪ್ಪದೆ ಕರೆಂಟ್ ಬೇಕು. ಮಳೆಗಾಲದಲ್ಲಿ ನಿಮ್ಮ ಹಳ್ಳಿಯಲ್ಲಿ ಎಷ್ಟು ತಾಸು ಕರೆಂಟ್ ಇರುವುದಿಲ್ಲ ಎಂದು ನಿಮಗೇ ಗೊತ್ತು. ನನ್ನ ಕೇಳಿದರೆ, ನಿಮ್ಮ ಮನೆಗೆ ಅದು ಕಡೇ ದಾರಿ.

ಕಾಯುವಾಗ ಎರಡು ಕೆಲಸ ಮಾಡಿ. ಹಲ್ಲು ಹುಳುಕಿದ್ದರೆ ಈಗಲೇ ತೆಗೆಸಿ, ಲಸಿಕೆ ಬಾಕಿ ಇದ್ದರೆ ಈಗಲೇ ಹಾಕಿಸಿ, ಟಿಬಿ ಪರೀಕ್ಷೆ ಮಾಡಿಸಿ. ಎದೆಯಲ್ಲಿ ಅಡಗಿ ಕೂತ ಟಿಬಿ ಕಸಿ ಔಷಧಿ ಶುರುವಾದ ಮೇಲೆ ಏಳುವುದನ್ನು ನಮ್ಮ ದೇಶದಲ್ಲಿ ಬಹಳ ನೋಡುತ್ತೇವೆ. ಇನ್ನೊಂದು, ತೀರಾ ಅಗತ್ಯ ಇಲ್ಲದೆ ರಕ್ತ ಏರಿಸಿಕೊಳ್ಳಬೇಡಿ. “ಸುಸ್ತು ಅದ, ಒಂದು ಬಾಟ್ಲಿ ರಕ್ತ ಏರಿಸ್ರಿ” ಎಂದು ನಾವೇ ಕೇಳುವ ರೂಢಿ ಇದೆ. ಬೇರೆಯವರ ರಕ್ತ ಬಂದಾಗ ದೇಹ ಅದರ ವಿರುದ್ಧ ಆಯುಧ ತಯಾರು ಮಾಡಿಡುತ್ತದೆ. ಮುಂದೆ ಆ ಆಯುಧ ಹೊಸ ಹೃದಯದ ಮೇಲೆ ತಿರುಗಬಹುದು.

ಈಗ ಮನೆಗೆ ಬಂದ ಮೇಲಿನ ಕಥೆ. ಇಲ್ಲೇ ನನಗೆ ಜಾಸ್ತಿ ಹೇಳುವುದಿದೆ.

ಹೊಸ ಹೃದಯಕ್ಕೆ ನರಗಳ ಸಂಪರ್ಕ ಇರುವುದಿಲ್ಲ, ಕತ್ತರಿಸಿ ಹೋಗಿರುತ್ತವೆ. ಸುಮ್ನೆ ಕೂತಾಗಲೂ ನಿಮಿಷಕ್ಕೆ 90–100 ಸಲ ಬಡಿಯುತ್ತದೆ. ಗಾಬರಿ ಬೇಡ. ಎದ್ದು ಓಡಿದರೆ ಕೂಡಲೇ ವೇಗ ಏರುವುದಿಲ್ಲ, ನಿಧಾನಕ್ಕೆ ಏರುತ್ತದೆ. ನರ ಇಲ್ಲದ್ದರಿಂದ ತೊಂದರೆ ಆದಾಗ ಎದೆನೋವು ಬರದೇ ಇರಬಹುದು. ದೇಹ ಹೃದಯವನ್ನು ತಿರಸ್ಕರಿಸಲು ಶುರು ಮಾಡಿದಾಗಲೂ ಮೊದಲು ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ವರ್ಷ ಕತ್ತಿನ ರಕ್ತನಾಳದಿಂದ ಹೋಗಿ ಹೃದಯದಿಂದ ಅಕ್ಕಿ ನುಚ್ಚಿನಷ್ಟು ತುಣುಕು ತೆಗೆದು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾರೆ. “ಆರಾಮ್ ಅದಾನ, ಮತ್ಯಾಕ ಬೆಂಗಳೂರು” ಎಂದು ಇದನ್ನು ತಪ್ಪಿಸಬೇಡಿ.

ದೇಹ ಹೊಸ ಹೃದಯವನ್ನು ತಿರಸ್ಕರಿಸದಂತೆ ತಡೆಯುವ ಮಾತ್ರೆ ಟ್ಯಾಕ್ರೋಲಿಮಸ್ ಅಂತ. ಬೆಳಿಗ್ಗೆ ಎಂಟು, ರಾತ್ರಿ ಎಂಟು, ಗಡಿಯಾರ ನೋಡಿ. ರಕ್ತದಲ್ಲಿ ಅದು ಕಡಿಮೆ ಆದರೆ ಹೃದಯಕ್ಕೆ ಅಪಾಯ, ಜಾಸ್ತಿ ಆದರೆ ಕಿಡ್ನಿಗೆ. ಮಧ್ಯದ ದಾರಿ ಬಹಳ ಸಣ್ಣದು. ಬೀದರ್ ಜಿಲ್ಲೆಯ ಒಬ್ಬ ಹುಡುಗ, ಕಸಿ ಆಗಿ ಎರಡು ವರ್ಷ, ಗಟ್ಟಿಮುಟ್ಟಾಗಿದ್ದ. ಕೆಮ್ಮು ಬಂತೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ಕ್ಲಾರಿತ್ರೋಮೈಸಿನ್ ತಗೊಂಡ. ಆರನೇ ದಿನ ನನ್ನ ಮುಂದೆ ಕೂತಿದ್ದ. ಚಹಾ ಕೊಟ್ಟೆವು. ಅವನ ಕೈಯಲ್ಲಿ ಕಪ್ಪು ಬಸಿಗೆ ಟಕಟಕ ಬಡಿಯುತ್ತಿತ್ತು, ಚಹಾ ಚೆಲ್ಲಿ ತೊಡೆ ಮೇಲೆ ಬಿತ್ತು. ರಕ್ತ ಪರೀಕ್ಷೆಯಲ್ಲಿ ಟ್ಯಾಕ್ರೋಲಿಮಸ್ ಇರಬೇಕಾದ್ದಕ್ಕಿಂತ ಮೂರು ಪಟ್ಟು ಮೇಲಿತ್ತು. ಕಿಡ್ನಿ ಸೊರಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಏರಿತ್ತು. ಆ ಆಂಟಿಬಯೋಟಿಕ್ ಈ ಮಾತ್ರೆಯನ್ನು ದೇಹದಿಂದ ಹೊರಹೋಗಲು ಬಿಡುವುದಿಲ್ಲ. ಕಿಡ್ನಿ ಉಳಿಯಿತು, ಆದರೆ ಮೊದಲಿನಂತೆ ಪೂರ್ತಿ ಆಗಲಿಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್ ಇದಕ್ಕೆ ಉಲ್ಟಾ, ಟ್ಯಾಕ್ರೋಲಿಮಸ್ಸನ್ನು ನೆಲಕ್ಕೆ ಇಳಿಸಿಬಿಡುತ್ತದೆ. ಚಕ್ಕೋತ ಹಣ್ಣೂ ಬೇಡ, ಅದು ಏರಿಸುತ್ತದೆ. ನೋವಿನ ಗುಳಿಗೆ, ಸೂಜಿ ಕಿಡ್ನಿಗೆ ವಿಷ ಇದ್ದಂತೆ. ನಾಟಿ ಔಷಧಿ ಬೇಡವೇ ಬೇಡ. ಯಾವ ಮಾತ್ರೆ ಬರೆದುಕೊಟ್ಟರೂ ನುಂಗುವ ಮುಂಚೆ ಕಸಿ ತಂಡಕ್ಕೆ ಫೋನ್ ಮಾಡಿ. ಆಸ್ಪತ್ರೆ ಆರಿಸುವಾಗ “ಸರ್ಜನ್ ಯಾರು” ಎಂದು ಎಲ್ಲರೂ ಕೇಳುತ್ತಾರೆ. “ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಯಾರು” ಎಂದು ನೀವು ಕೇಳಿ, ಆ ನಂಬರ್ ಗೋಡೆ ಮೇಲೆ ಬರೆದಿಡಿ.

ರಕ್ತ ಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೇ ನುಂಗಬೇಕು. ನುಂಗಿ ಹೋದರೆ ರಿಪೋರ್ಟ್ ತಪ್ಪು ಬರುತ್ತದೆ, ಡೋಸ್ ಕೂಡ ತಪ್ಪುತ್ತದೆ. ನಮ್ಮ ಮೇ ತಿಂಗಳ ಬಿಸಿಲು 42–43 ಡಿಗ್ರಿ. ಮಾತ್ರೆಯನ್ನು ತಗಡಿನ ಮನೆಯ ಗೂಡಿನಲ್ಲೋ, ಜೀಪಿನ ಡ್ಯಾಶ್‌ಬೋರ್ಡಿನ ಮೇಲೋ ಇಡಬೇಡಿ. ಮನೆಯ ಅತ್ಯಂತ ತಂಪಾದ ಖೋಲಿಯಲ್ಲಿ, ಡಬ್ಬಿ ಬದಲಿಸದೆ ಇಡಿ.

ಧೂಳಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಹಳೇ ಬಣವೆ, ನೆನೆದ ಹೊಟ್ಟು, ಪಾರಿವಾಳದ ಹಿಕ್ಕೆ, ಗೋಡೆ ಕೆಡಹುವ ಜಾಗ, ಇವುಗಳಲ್ಲಿ ಬೂಷ್ಟಿನ ಬೀಜ ತುಂಬಿರುತ್ತದೆ. ನಮಗೆ ಅದು ಒಂದು ಸೀನು. ಕಸಿ ಆದವರಿಗೆ ಜೀವ ತೆಗೆಯುವ ನ್ಯುಮೋನಿಯಾ. ತೊಗರಿ ರಾಶಿ ದಿನ ಅಣ್ಣ ಕಣದ ಹತ್ತಿರ ಬರುವುದು ಬೇಡ. ಮೊದಲ ವರ್ಷ ಶರಣಬಸವೇಶ್ವರ ಜಾತ್ರೆಗೆ ಹೋಗದೆ ಮನೆಯಿಂದಲೇ ಕೈಮುಗಿಯಲಿ. ಕುದಿಸಿ ಆರಿಸಿದ ನೀರು, ಬಿಸಿ ರೊಟ್ಟಿ, ಬೇಯಿಸಿದ ಪಲ್ಯ. ಹಸಿ ಹಾಲು, ಹೊರಗೆ ಹೆಚ್ಚಿಟ್ಟ ಹಣ್ಣು ಬೇಡ. ಜ್ವರ 100.4 ದಾಟಿದರೆ ಬೆಳಗಿನ ತನಕ ಕಾಯಬೇಡಿ.

ಒಂದು ವೇಳೆ ಶ್ವಾಸಕೋಶವೂ ಬದಲಾದರೆ ಇದೆಲ್ಲ ಇಮ್ಮಡಿ. ಶ್ವಾಸಕೋಶ ಪ್ರತಿ ಉಸಿರಿಗೂ ಹೊರಗಿನ ಗಾಳಿಗೆ ಒಡ್ಡಿಕೊಂಡಿರುತ್ತದೆ. ಜೋಡಿಸಿದ ಜಾಗದ ಕೆಳಗೆ ಕಫ ಕೂತರೂ ಕೆಮ್ಮು ತಾನಾಗಿ ಬರುವುದಿಲ್ಲ. ಮನೆಯಲ್ಲೇ ಸಣ್ಣ ಯಂತ್ರದಲ್ಲಿ ದಿನಾ ಊದಿ ಅಳತೆ ಬರೆದಿಡಬೇಕು. ಹತ್ತನೇ ಒಂದು ಭಾಗ ಇಳಿದರೂ ತಂಡಕ್ಕೆ ತಿಳಿಸಬೇಕು.

ಸದ್ಯಕ್ಕೆ ಇಷ್ಟು ಮಾಡಿ. ಕಲಬುರಗಿಯ ಜಯದೇವದಲ್ಲಾಗಲಿ, ನೀವು ತೋರಿಸುವ ಕಡೆಯಾಗಲಿ ಎಲ್ಲ ಎಕೋ ರಿಪೋರ್ಟ್, ಡಿಸ್ಚಾರ್ಜ್ ಚೀಟಿಗಳನ್ನು ತಾರೀಖಿನ ಪ್ರಕಾರ ಒಂದು ಫೈಲ್ ಮಾಡಿಸಿ. ಇವತ್ತಿನಿಂದಲೇ ಬೆಳಿಗ್ಗೆ ಎದ್ದ ಕೂಡಲೇ ಅಣ್ಣನ ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ನೀರು ತುಂಬುತ್ತಿದೆ ಎಂದೇ ಅರ್ಥ, ಕೂಡಲೇ ಡಾಕ್ಟರಿಗೆ ಹೇಳಿ. ಲಂಗ್ಸ್ ಪ್ರೆಶರ್ ಪರೀಕ್ಷೆಗೆ ದಿನ ತಗೊಳ್ಳಿ. ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ನೀವು ಗಂಡಸರಷ್ಟೇ ಹೋಗಬೇಡಿ, ವೈನಿಯನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಎದುರಿಗೆ ಅವರನ್ನೇ ಕೂರಿಸಿ. ದಿನಾ ಎಂಟು ಗಂಟೆಗೆ ಆ ಮಾತ್ರೆ ಕೈಗಿಡುವವರು ಅವರೇ ತಾನೆ.